ಸ್ತ್ರೀ, ಸೂರ್ಯ, ರ‍್ಯಾಂಕ್: ಕನ್ನಡ ಪಿಡಿಎಫ್‌ಗೆ ಯಾವ ಲೈಬ್ರರಿ ಹಿಡಿಯಬೇಕು?

ಅಕ್ಕನ ಫೋನ್ ಬಂದಾಗ ರಾತ್ರಿ ಒಂಬತ್ತೂವರೆ. ಅವಳು ಹೈಸ್ಕೂಲ್ ಟೀಚರ್. ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಭಾಗವಹಿಸಿದ ಮಕ್ಕಳಿಗೆಲ್ಲ ಪ್ರಮಾಣಪತ್ರ ಕೊಡಬೇಕಿತ್ತು, ಒಟ್ಟು 140. ಹೆಸರುಗಳ ಎಕ್ಸೆಲ್ ಕಳಿಸು, ಒಂದು ಸ್ಕ್ರಿಪ್ಟ್ ಬರೆದು ಪಿಡಿಎಫ್ ಮಾಡಿಕೊಡುತ್ತೇನೆ ಎಂದು ನಾನೇ ಹೇಳಿದ್ದೆ. ಪೈಥಾನ್‌ನಲ್ಲಿ ಮೂವತ್ತು ಸಾಲಿನ ಕೆಲಸ. ಕೈಗೆ ಸಿಕ್ಕ ಒಂದು ಹಳೆಯ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿ ಮುಗಿಸಿ ಕಳಿಸಿದ್ದೆ.

"ಏನೋ ಇದು? ಐಶ್ವರ್ಯ ಅನ್ನೋ ಹುಡುಗಿ ಹೆಸರು ಐಶ್‌ವರ್‌ಯ ಅಂತ ಬಂದಿದೆ. ಕೀರ್ತನಾದು ನೋಡು, ಕೀರ್‌ತನಾ. ಮಕ್ಕಳು ಇದನ್ನ ಫ್ರೇಮ್ ಹಾಕಿಸಿ ಮನೇಲಿ ಇಟ್ಕೊಳ್ತಾರೆ ಕಣೋ."

ಅವಳ ಕೊನೆಯ ಮಾತು ನನಗೆ ಚುಚ್ಚಿತು. ಹೆಸರು ತಪ್ಪಾದರೆ ಆ ಕಾಗದಕ್ಕೆ ಬೆಲೆಯೇ ಇಲ್ಲ. ಆಮೇಲೆ ಮೂರು ವಾರ, ಬಿಡುವು ಸಿಕ್ಕಾಗಲೆಲ್ಲ ಕೂತು ಕನ್ನಡ ಪಿಡಿಎಫ್ ಮಾಡುವ ಓಪನ್ ಸೋರ್ಸ್ ಲೈಬ್ರರಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲೂ ಯಾರಾದರೂ ರಸೀದಿ, ಮಾರ್ಕ್ಸ್ ಕಾರ್ಡ್, ಆಮಂತ್ರಣ ಅಂತ ಕನ್ನಡದಲ್ಲಿ ಏನಾದರೂ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ಬರೆಯುತ್ತಿರಬಹುದು, ಅವರಿಗೆ ಉಪಯೋಗಕ್ಕೆ ಬರಲಿ.

ಮೊದಲು ತೊಂದರೆ ಎಲ್ಲಿದೆ ಅಂತ ನೋಡೋಣ. ಸ್ತ್ರೀ ಅನ್ನುವ ಅಕ್ಷರ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅದು ಆರು ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ದೀರ್ಘ ಈ ಗುಣಿತ. ಈ ಆರನ್ನು ಒಂದರ ಪಕ್ಕ ಒಂದು ಇಟ್ಟರೆ ಕನ್ನಡ ಆಗುವುದಿಲ್ಲ. ಸ ಮೇಲೆ ಈ ಗುಣಿತ ಕೂರಬೇಕು, ತ ಒತ್ತಾಗಿ ಕೆಳಗೆ ಹೋಗಬೇಕು, ರ ಕೂಡ ಒತ್ತಾಗಬೇಕು. ಅರ್ಕಾವತ್ತಿನದು ಇನ್ನೂ ವಿಚಿತ್ರ. ಸೂರ್ಯ ಅಂತ ಟೈಪ್ ಮಾಡುವಾಗ ರ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅದರ ಬೆನ್ನಿಗೆ ಅರ್ಕಾವತ್ತು. ಅಂದರೆ ಯಾರೋ ಒಬ್ಬರು ನಡುವೆ ಕೂತು ಈ ಸ್ಥಾನಪಲ್ಲಟ ಮಾಡಬೇಕು. ಈ ಕೆಲಸಕ್ಕೆ ಶೇಪಿಂಗ್ ಅನ್ನುತ್ತಾರೆ. ಫಾಂಟ್‌ನೊಳಗೆ ಯಾವ ಅಕ್ಷರ ಯಾವುದರ ಜೊತೆ ಸೇರಿದರೆ ಯಾವ ಆಕಾರ ಅನ್ನುವ ಕೋಷ್ಟಕ ಇರುತ್ತದೆ, ನಿಜ. ಆದರೆ ಕೋಷ್ಟಕ ತಾನಾಗಿ ಕೆಲಸ ಮಾಡುವುದಿಲ್ಲ. ಅದನ್ನು ಓದಿ, ಪದವನ್ನು ಅಕ್ಷರಗಳಾಗಿ ಒಡೆದು, ಅರ್ಕಾವತ್ತನ್ನು ಹಿಂದಕ್ಕೆ ಸರಿಸಿ, ಒತ್ತುಗಳನ್ನು ಜಾಗಕ್ಕೆ ಕೂರಿಸುವ ಒಂದು ಎಂಜಿನ್ ಬೇಕು.

ಓಪನ್ ಸೋರ್ಸ್ ಲೋಕದಲ್ಲಿ ಆ ಎಂಜಿನ್‌ನ ಹೆಸರು ಹಾರ್ಫ್‌ಬಝ್. ಪರ್ಷಿಯನ್ ಮೂಲದ ಹೆಸರು, ಓಪನ್‌ಟೈಪ್ (ಫಾಂಟ್ ಫೈಲ್‌ಗಳ ಒಂದು ಮಾದರಿ) ಅನ್ನುವುದನ್ನೇ ಆ ಭಾಷೆಗೆ ತಿರುಗಿಸಿದ್ದು. ಬೆಹದಾದ್ ಎಸ್ಫಹ್‌ಬೋದ್ ಇದನ್ನು ಕಟ್ಟಿ ಬೆಳೆಸಿದವರು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಕನ್ನಡ ಸರಿಯಾಗಿ ಕಾಣುವುದು ಇದರಿಂದಲೇ. 2017ರಲ್ಲಿ ಬಂದ ಆಫೀಸ್ ಸಾಫ್ಟ್‌ವೇರ್ ಲಿಬ್ರೆಆಫೀಸ್ 5.3ರಿಂದ ಅಲ್ಲೂ ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲಿ ಇದೇ ಇದೆ. ನೀವು ಈ ಸಾಲನ್ನು ಫೋನಿನಲ್ಲಿ ಓದುತ್ತಿದ್ದರೆ, ಹೆಚ್ಚುಕಮ್ಮಿ ಖಂಡಿತವಾಗಿ ಇದರ ಒತ್ತುಗಳನ್ನು ಕೂರಿಸಿದ್ದು ಯಾವುದೋ ಶೇಪಿಂಗ್ ಎಂಜಿನ್, ಬಹುಶಃ ಹಾರ್ಫ್‌ಬಝ್.

ಹಾಗಾಗಿ ಕನ್ನಡಕ್ಕೆ ಲೈಬ್ರರಿ ಆರಿಸುವಾಗ ನಾನು ಈಗ ಕೋಡ್ ಹಂಚುವ ತಾಣ ಗಿಟ್‌ಹಬ್‌ನ ಸ್ಟಾರ್ ನೋಡುವುದಿಲ್ಲ, ವೇಗ ನೋಡುವುದಿಲ್ಲ. ಇದರೊಳಗೆ ಶೇಪಿಂಗ್ ಯಾರು ಮಾಡುತ್ತಾರೆ, ಅದಷ್ಟನ್ನೇ ಮೊದಲು ಕೇಳುತ್ತೇನೆ. ಉತ್ತರ ಹಾರ್ಫ್‌ಬಝ್ ಅಥವಾ ಅದರ ಯಾವುದಾದರೂ ರೂಪ ಅಂತಾದರೆ ಮುಂದಿನ ಮಾತು. ನಮ್ಮದೇ ಕೋಡ್ ಅಂತ ಬರೆದಿದ್ದರೆ ಎಚ್ಚರ ಬೇಕು. ಜಾವಾದ ಅಪಾಚೆ ಪಿಡಿಎಫ್‌ಬಾಕ್ಸ್ ಉದಾಹರಣೆ. ಅದು ಒಳ್ಳೆಯ ಲೈಬ್ರರಿ, ಪಿಡಿಎಫ್ ಓದುವುದಕ್ಕೆ, ಒಡೆಯುವುದಕ್ಕೆ, ಸೇರಿಸುವುದಕ್ಕೆ ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ. ಆದರೆ ಅದರ ಮೂರನೇ ಆವೃತ್ತಿಯಲ್ಲಿ ಬಂಗಾಳಿಗೆ ಒಂದು ಕ್ಲಾಸ್, ದೇವನಾಗರಿಗೆ ಒಂದು, ಗುಜರಾತಿಗೆ ಒಂದು ಅಂತ ಲಿಪಿಗೊಂದು ಕೋಡ್ ಬರೆಯುವ ದಾರಿ ಹಿಡಿದಿದ್ದಾರೆ. ಆ ದಾರಿಯಲ್ಲಿ ಪ್ರತಿಯೊಂದು ಲಿಪಿಯೂ ತನ್ನ ಸರದಿಗೆ ಕಾಯಬೇಕು. ಹಾರ್ಫ್‌ಬಝ್ ದಾರಿಯಲ್ಲಿ ಕಾಯುವ ಮಾತಿಲ್ಲ.

ಪರೀಕ್ಷೆಗೆ ನಾನು ಒಂದು ಸಾಲು ಮಾಡಿಕೊಂಡೆ. ಪ್ರತಿ ಲೈಬ್ರರಿಗೂ ಮೊದಲು ಇದನ್ನೇ ಕೊಡುತ್ತೇನೆ: ಸ್ತ್ರೀ ರಾಷ್ಟ್ರ ಸೂರ್ಯ ಕರ್ನಾಟಕ ಲಕ್ಷ್ಮಿ ಜ್ಞಾನ ಕೃಷ್ಣ ಕೋಟೆ ರ‍್ಯಾಂಕ್ ಸಾಫ್ಟ್‌ವೇರ್. ಎರಡು ಅಂತಸ್ತಿನ ಒತ್ತು, ಅರ್ಕಾವತ್ತು, ಕ್ಷ ಮತ್ತು ಜ್ಞ, ಋ ಗುಣಿತ, ಓ ಗುಣಿತ ಎಲ್ಲ ಇದರಲ್ಲಿ ಬಂದವು. ಕೊನೆಯ ಎರಡು ಪದಗಳ ವಿಷಯ ಆಮೇಲೆ ಹೇಳುತ್ತೇನೆ, ಅವು ಬೇರೆಯದೇ ಕಥೆ.

ಎಫ್‌ಪಿಡಿಎಫ್2 ಇಂದ ಶುರು ಮಾಡಿದೆ. ಪೈಥಾನ್ ಗೊತ್ತಿದ್ದವರಿಗೆ ಇದಕ್ಕಿಂತ ಸುಲಭದ್ದು ಕಷ್ಟ. ಪುಟ ಸೇರಿಸು, ಫಾಂಟ್ ಹಾಕು, ಇಲ್ಲಿಗೆ ಈ ಪಠ್ಯ ಅಂತ ಹೇಳಿದರೆ ಆಯಿತು. ಸುಮ್ನೆ ಬಿಟ್ಟರೆ ಇದೂ ಕನ್ನಡವನ್ನು ಒಡೆಯುತ್ತದೆ. ಆದರೆ 2023ರಲ್ಲಿ ಬಂದ 2.7.5ರಿಂದ ಇದರಲ್ಲಿ ಟೆಕ್ಸ್ಟ್ ಶೇಪಿಂಗ್ ಆನ್ ಮಾಡುವ ಒಂದು ಫಂಕ್ಷನ್ ಇದೆ. ಜೊತೆಗೆ ಹಾರ್ಫ್‌ಬಝ್‌ನ ಪೈಥಾನ್ ಪ್ಯಾಕೇಜನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ಐಶ್ವರ್ಯ ಐಶ್ವರ್ಯಳಾಗಿಯೇ ಬಂದಳು. ಒಂದೇ ಒಂದು ಸಾಲಿನ ವ್ಯತ್ಯಾಸ, ಆದರೆ ಅದು ಡೀಫಾಲ್ಟ್ ಆಗಿ ಆಫ್ ಇರುವುದರಿಂದ, ಡಾಕ್ಯುಮೆಂಟೇಶನ್‌ನ ಮೊದಲ ಪುಟ ಮಾತ್ರ ಓದಿ ಕೋಡ್ ಬರೆಯುವವರಿಗೆ ಇದು ಇದೆ ಅಂತಲೇ ಗೊತ್ತಾಗುವುದಿಲ್ಲ. ಸಣ್ಣ ರಸೀದಿ, ಐಡಿ ಕಾರ್ಡ್, ಒಂದು ಪುಟದ ಪತ್ರ, ಇಂಥದ್ದಕ್ಕೆ ನಾನು ಕಣ್ಣುಮುಚ್ಚಿ ಎಫ್‌ಪಿಡಿಎಫ್2 ಹೇಳುತ್ತೇನೆ. ಉದ್ದದ ಪಠ್ಯ, ಪುಟದಿಂದ ಪುಟಕ್ಕೆ ಹರಿಯುವ ಕೋಷ್ಟಕ ಅಂದರೆ ಬೇಡ. ಪುಟದ ವಿನ್ಯಾಸವನ್ನೆಲ್ಲ ಕೋಡ್‌ನಲ್ಲೇ ಹೇಳುತ್ತ ಕೂರಬೇಕಾಗುತ್ತದೆ.

ಉದ್ದದ ಪಠ್ಯಕ್ಕೆ ವೀಸಿಪ್ರಿಂಟ್. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್, ಸಿಎಸ್ಎಸ್ ಕೊಟ್ಟರೆ ಪಿಡಿಎಫ್ ಕೊಡುತ್ತದೆ. ಇದು ಪಠ್ಯದ ಜೋಡಣೆಗೆ ಪ್ಯಾಂಗೋ ಅನ್ನುವ ಲೈಬ್ರರಿಯನ್ನು ನಂಬಿಕೊಂಡಿದೆ, ಪ್ಯಾಂಗೋ ಒಳಗೆ ಹಾರ್ಫ್‌ಬಝ್. ಹಾಗಾಗಿ ಯಾವ ಸ್ವಿಚ್ಚೂ ಒತ್ತದೆ ನನ್ನ ಪರೀಕ್ಷೆಯ ಸಾಲು ಮೊದಲ ಸಲಕ್ಕೇ ಸರಿ ಬಂತು. ಪುಟದ ಸಂಖ್ಯೆ, ತಲೆಬರಹ ಪ್ರತಿ ಪುಟದಲ್ಲೂ ಮರುಕಳಿಸುವುದು, ಕೋಷ್ಟಕ ಮುಂದಿನ ಪುಟಕ್ಕೆ ಮುರಿಯುವುದು, ಇದೆಲ್ಲ ಸಿಎಸ್ಎಸ್‌ನಲ್ಲೇ ಆಗುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಓಡುವುದಿಲ್ಲ. ನನಗೆ ಅದು ಕೊರತೆ ಅನ್ನಿಸಲಿಲ್ಲ. ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವುದು ಸಲೀಸು. ವಿಂಡೋಸ್‌ನಲ್ಲಿ ಪ್ಯಾಂಗೋವನ್ನು ಬೇರೆ ಕಡೆಯಿಂದ ತಂದು ಹಾಕಬೇಕು, ಅದು ತಲೆನೋವು. ಅಕ್ಕನ ಶಾಲೆಯ ಕಂಪ್ಯೂಟರ್ ವಿಂಡೋಸ್, ಅಲ್ಲಿ ಇದನ್ನು ನಿಲ್ಲಿಸುವ ಆಸೆ ಬಿಟ್ಟೆ.

ಎಚ್‌ಟಿಎಂಎಲ್ ಇಂದ ಪಿಡಿಎಫ್ ಅಂದಕೂಡಲೇ ತುಂಬ ಜನ ಈಗಲೂ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಹೆಸರು ಹೇಳುತ್ತಾರೆ. ದಯವಿಟ್ಟು ಹೊಸ ಕೆಲಸಕ್ಕೆ ಅದನ್ನು ಹಿಡಿಯಬೇಡಿ. ಹಳೆಯ ಕಾಲದ ವೆಬ್‌ಕಿಟ್ ಅನ್ನುವ ಬ್ರೌಸರ್ ಎಂಜಿನ್ ಮೇಲೆ ನಿಂತಿದೆ, 2023ರಲ್ಲಿ ಅದರ ಗಿಟ್‌ಹಬ್ ರೆಪಾಸಿಟರಿಯನ್ನು ಆರ್ಕೈವ್ ಮಾಡಿಬಿಟ್ಟರು. ಅದು ಮಾಡುತ್ತಿದ್ದ ಕೆಲಸಕ್ಕೆ ಇವತ್ತಿನ ಉತ್ತರ ಪಪಿಟಿಯರ್ ಅಥವಾ ಪ್ಲೇರೈಟ್. ಎರಡೂ ನಿಜವಾದ ಕ್ರೋಮಿಯಂ ಬ್ರೌಸರನ್ನು ಕಿಟಕಿ ಇಲ್ಲದೆ ತೆರೆದು, ಪುಟವನ್ನು ಪಿಡಿಎಫ್ ಆಗಿ ಉಳಿಸುತ್ತವೆ. ಬ್ರೌಸರಿನಲ್ಲಿ ಹೇಗೆ ಕಂಡಿತೋ ಹಾಗೇ ಬರುತ್ತದೆ, ಕನ್ನಡದ ವಿಷಯದಲ್ಲಿ ಅದು ದೊಡ್ಡ ನೆಮ್ಮದಿ. ಬೆಲೆ ಏನೆಂದರೆ ತೂಕ. ಬ್ರೌಸರ್ ಡೌನ್‌ಲೋಡೇ ನೂರು ಎಂಬಿ ದಾಟುತ್ತದೆ, ಮೆಮೊರಿ ಧಾರಾಳ ತಿನ್ನುತ್ತದೆ. ವೆಬ್ ಪುಟ ಆಗಲೇ ರೆಡಿ ಇದ್ದು ಅದನ್ನೇ ಪಿಡಿಎಫ್ ಮಾಡಬೇಕಿದ್ದರೆ ಸರಿ. ಪ್ರಮಾಣಪತ್ರಕ್ಕಾಗಿ ಒಂದು ಇಡೀ ಬ್ರೌಸರ್ ಹೊತ್ತುಕೊಂಡು ತಿರುಗುವುದು ನನಗೆ ಒಗ್ಗಲಿಲ್ಲ.

ಇಲ್ಲೊಂದು ಮಾತು. ಡಾಕರ್ (ಪ್ರೋಗ್ರಾಂಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಓಡಿಸುವ ಪೆಟ್ಟಿಗೆ) ಒಳಗೆ ಇದನ್ನೆಲ್ಲ ಓಡಿಸಿದಾಗ ಅಕ್ಷರದ ಜಾಗದಲ್ಲಿ ಬರೀ ಚೌಕ ಚೌಕ ಬಂದರೆ ಅದು ಶೇಪಿಂಗ್ ತೊಂದರೆ ಅಲ್ಲ, ಕನ್ನಡ ಫಾಂಟೇ ಇಲ್ಲ ಅಂತ ಅರ್ಥ. ಆ ಚೌಕಗಳಿಗೆ ಟೋಫು ಅನ್ನುತ್ತಾರೆ. ನೋಟೋ ಫಾಂಟ್‌ಗಳ ಹೆಸರು ಬಂದದ್ದೂ ಅದರಿಂದಲೇ, ನೋ ಟೋಫು. ಡೆಬಿಯನ್ ಲಿನಕ್ಸ್ ಮೂಲದ ಡಾಕರ್ ಇಮೇಜ್ ಆದರೆ ನೋಟೋದ ಪ್ಯಾಕೇಜ್ ಹಾಕಿ. ಇಲ್ಲವೇ ಫಾಂಟ್ ಫೈಲನ್ನೇ ಪ್ರಾಜೆಕ್ಟ್ ಜೊತೆ ಇಟ್ಟುಕೊಳ್ಳಿ, ಅದರ ಲೈಸೆನ್ಸ್ ಅದಕ್ಕೆ ಒಪ್ಪುತ್ತದೆ. ನಾನು ಯಾವಾಗಲೂ ಎರಡನೆಯದನ್ನೇ ಮಾಡುತ್ತೇನೆ, ಸರ್ವರ್ ಬದಲಾದರೂ ಅಕ್ಷರ ಬದಲಾಗುವುದಿಲ್ಲ.

ಲೇಟೆಕ್ ಅನ್ನುವ ಪುಸ್ತಕ ಜೋಡಣೆಯ ಭಾಷೆ ಗೊತ್ತಿರುವವರಿಗೆ ಅದರ ಝೀಟೆಕ್ ಎಂಜಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಫಾಂಟ್ ಹೇಳುವಾಗ ಲಿಪಿ ಕನ್ನಡ ಅಂತ ಬಿಡಿಸಿ ಹೇಳಲೇಬೇಕು, ಮರೆತರೆ ಒತ್ತುಗಳು ಕೂರುವುದಿಲ್ಲ. ಪುಸ್ತಕ ಮಾಡುವವರಿಗೆ ಇದು ಈಗಲೂ ಗಟ್ಟಿ ಆಯ್ಕೆ.

ನನ್ನ ಮನಸ್ಸು ನಿಂತದ್ದು ಲೇಟೆಕ್‌ನಂತೆ ಪುಟ ಜೋಡಿಸಿ ಪಿಡಿಎಫ್ ಕೊಡುವ ಟೈಪ್‌ಸ್ಟ್ ಮೇಲೆ. ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರು ಶುರು ಮಾಡಿದ ಪ್ರಾಜೆಕ್ಟ್ ಇದು, 2023ರ ಮಾರ್ಚ್‌ನಲ್ಲಿ ಓಪನ್ ಸೋರ್ಸ್ ಆಯಿತು. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಇದರೊಳಗಿನ ಶೇಪಿಂಗ್ ಎಂಜಿನ್ ಹಾರ್ಫ್‌ಬಝ್ ಕೋಡನ್ನೇ ರಸ್ಟ್‌ಗೆ ತಂದದ್ದು. ಇನ್‌ಸ್ಟಾಲ್ ಅಂದರೆ ಒಂದೇ ಒಂದು ಫೈಲ್, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಡೌನ್‌ಲೋಡ್ ಮಾಡಿ ಓಡಿಸಿದರೆ ಮುಗಿಯಿತು. ಎಕ್ಸೆಲ್‌ನಿಂದ ಉಳಿಸಬಹುದಾದ ಸಿಎಸ್‌ವಿ ಫೈಲನ್ನು ನೇರವಾಗಿ ಓದುತ್ತದೆ. ಹಾಗಾಗಿ ಪಿಡಿಎಫ್ ಮಾಡುವುದಕ್ಕೆ ಪೈಥಾನ್ ಕೂಡ ಬೇಡವಾಯಿತು. ಹೆಸರುಗಳ ಸಿಎಸ್‌ವಿ ಒಂದು, ಪ್ರಮಾಣಪತ್ರದ ವಿನ್ಯಾಸ ಬರೆದ ಫೈಲ್ ಒಂದು, ಫಾಂಟ್ ಒಂದು. ಒಂದು ಕಮಾಂಡ್ ಕೊಟ್ಟರೆ 140 ಪುಟದ ಒಂದೇ ಪಿಡಿಎಫ್. ನಾನು ಮೊದಲು ಮಗುವಿಗೊಂದು ಪಿಡಿಎಫ್ ಮಾಡಿದ್ದೆ. ಪ್ರಿಂಟ್ ಅಂಗಡಿಯವರು 140 ಸಲ ಫೈಲ್ ತೆರೆಯಬೇಕಾಗುತ್ತದೆ ಅಂತ ಅಕ್ಕ ಹೇಳಿದ ಮೇಲೆ ಬದಲಾಯಿಸಿದೆ. ವಿನ್ಯಾಸ ತಿದ್ದುತ್ತ ಹೋದಂತೆ ಪಕ್ಕದಲ್ಲೇ ಫಲಿತಾಂಶ ಬದಲಾಗುತ್ತ ಹೋಗುತ್ತದೆ, ಹೆಸರನ್ನು ಎರಡು ಮಿಲಿಮೀಟರ್ ಮೇಲೆ ಕೆಳಗೆ ಮಾಡುವ ಕೆಲಸದಲ್ಲಿ ಅದು ಎಷ್ಟು ಹಾಯೆನಿಸುತ್ತದೆ ಅಂತ ಮಾಡಿದವರಿಗೇ ಗೊತ್ತು. ಕಲಿಯಬೇಕಾದ ಹೊಸ ಭಾಷೆ ಅನ್ನುವುದೊಂದೇ ಇದರ ಅಡ್ಡಿ. ಲೇಟೆಕ್‌ಗೆ ಹೋಲಿಸಿದರೆ ಅದು ತುಂಬ ಕಡಿಮೆ.

ಈಗ ಕೊನೆಯ ಎರಡು ಪದಗಳಿಗೆ ಬರುತ್ತೇನೆ. ರ‍್ಯಾಂಕ್ ಅಂತ ಬರೆಯುವಾಗ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ, ಝೀರೋ ವಿಡ್ತ್ ಜಾಯಿನರ್. ಅದು ಇದ್ದರೆ ರ ಪೂರ್ತಿ ನಿಂತು ಯ ಒತ್ತಾಗುತ್ತದೆ. ಅದು ಹೋದರೆ ರ ಅರ್ಕಾವತ್ತಾಗಿ ಪದ ರ್ಯಾಂಕ್ ಅಂತಾಗುತ್ತದೆ. ಸಾಫ್ಟ್‌ವೇರ್ ಪದದಲ್ಲಿ ಅದರ ತದ್ವಿರುದ್ಧದ್ದು, ನಾನ್ ಜಾಯಿನರ್. ಅದು ಹೋದರೆ ಸಾಫ್ಟ್ವೇರ್. ಟೈಪ್‌ಸ್ಟ್‌ನಲ್ಲಿ ಎಲ್ಲ ಸರಿ ಬಂದರೂ "ಪ್ರಥಮ ರ‍್ಯಾಂಕ್" ಅನ್ನುವುದು ಮಾತ್ರ ತಪ್ಪೇ ಬರುತ್ತಿತ್ತು. ಎರಡು ಗಂಟೆ ಟೈಪ್‌ಸ್ಟನ್ನೇ ಹುಡುಕಿದೆ. ತಪ್ಪು ಅದಕ್ಕಿಂತ ಮುಂಚೆಯೇ ಆಗಿತ್ತು. ಎಕ್ಸೆಲ್‌ನಿಂದ ಬಂದ ಹೆಸರುಗಳಲ್ಲಿ ಬೇಡದ ಖಾಲಿ ಜಾಗ ತೆಗೆಯಲು ನಾನು ಬರೆದಿದ್ದ ಫಂಕ್ಷನ್ ಕಾಣದ ಸಂಕೇತಗಳನ್ನೆಲ್ಲ ಗುಡಿಸಿ ಹಾಕುತ್ತಿತ್ತು. ಇಂಗ್ಲಿಷ್ ಪಠ್ಯಕ್ಕೆ ಅವು ಕಸ, ಕನ್ನಡಕ್ಕೆ ಅವು ಕಾಗುಣಿತದ ಭಾಗ. ಪಠ್ಯ ಶುದ್ಧ ಮಾಡುವ ಯಾವ ಲೈಬ್ರರಿ ತೆಗೆದುಕೊಂಡರೂ ಈ ಎರಡನ್ನು ಅದು ಏನು ಮಾಡುತ್ತದೆ ಅಂತ ನೋಡಿಕೊಳ್ಳಿ.

ಇದೇ ಜಾತಿಯ ಇನ್ನೊಂದು ಏಟು ಪಠ್ಯದಲ್ಲಿ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬಿತ್ತು. ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲ್‌ಗೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (ಪದದ ಅಕ್ಷರ ಯಾವುದಿದ್ದರೂ ಹಿಡಿ ಅನ್ನುವ ಚಿಹ್ನೆ) ಕೊಟ್ಟು, ಕನ್ನಡ ಅನ್ನುವ ಪದವನ್ನು ಹುಡುಕಿಸಿ ನೋಡಿ. ಒಂದು ಪದ ಬರುವುದಿಲ್ಲ, ಎರಡು ಚೂರು ಬರುತ್ತವೆ: ಕನ, ನಡ. ಅದರ ಲೆಕ್ಕದಲ್ಲಿ ಹಲಂತ, ಗುಣಿತ ಯಾವುದೂ ಅಕ್ಷರವಲ್ಲ. ಬೇರೆಯಾಗಿ ಸಿಗುವ ರೆಜೆಕ್ಸ್ ಅನ್ನುವ ಪೈಥಾನ್ ಪ್ಯಾಕೇಜ್ ಹಾಕಿಕೊಂಡರೆ ಅದೇ ಕೋಡ್ ಕನ್ನಡ ಅಂತ ಇಡೀ ಪದ ಕೊಡುತ್ತದೆ. ರಸ್ಟ್‌ನ ರೆಜೆಕ್ಸ್ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದೆ, ಜಾಯಿನರ್, ನಾನ್ ಜಾಯಿನರ್ ಎರಡನ್ನೂ ಪದದ ಭಾಗ ಅಂತಲೇ ಎಣಿಸುತ್ತದೆ. ಅದರ ಮೇಲೆ ಕಟ್ಟಿದ ಹುಡುಕುವ ಸಾಧನ ರಿಪ್‌ಗ್ರೆಪ್‌ನಲ್ಲಿ ಕನ್ನಡ ಫೈಲ್‌ಗಳನ್ನು ಪದಶಃ ಹುಡುಕಬಹುದು, ಸಾಫ್ಟ್‌ವೇರ್ ಕೂಡ ನಡುವೆ ಮುರಿಯುವುದಿಲ್ಲ. ಗೋ ಭಾಷೆಯಲ್ಲಿ ಅದೇ ಚಿಹ್ನೆ ಬರೀ ಇಂಗ್ಲಿಷ್ ಅಕ್ಷರಗಳಿಗೆ, ಅಲ್ಲಿ ಯೂನಿಕೋಡ್ ಗುಂಪುಗಳನ್ನು ನೀವೇ ಹೆಸರಿಸಿ ಹೇಳಬೇಕು. ಒಂದೇ ಚಿಹ್ನೆ, ನಾಲ್ಕು ಕಡೆ ನಾಲ್ಕು ಅರ್ಥ.

ವಾಟ್ಸಾಪ್‌ಗೆ ಚಿತ್ರ ಮಾಡುವವರಿಗೂ ಇದೇ ಮಾತು. ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ ಪಠ್ಯ ಜೋಡಿಸುವ ಎರಡು ಎಂಜಿನ್ ಇವೆ, ಬೇಸಿಕ್ ಮತ್ತು ರಕ್ಮ್. ರಕ್ಮ್ ಒಳಗೆ ಹಾರ್ಫ್‌ಬಝ್ ಇದೆ, 2017ರ 4.2 ಆವೃತ್ತಿಯಿಂದ ಸೇರಿದೆ. ನಿಮ್ಮ ಮೆಷಿನ್‌ನಲ್ಲಿ ಅದು ಸಿಗದಿದ್ದರೆ ಪಿಲ್ಲೋ ಬೇಸಿಕ್‌ಗೆ ಇಳಿಯುತ್ತದೆ, ಒತ್ತುಗಳು ಚದುರುತ್ತವೆ. ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿನಲ್ಲಿ ತಪ್ಪು ಅಂತ ಬಂದರೆ ಮೊದಲು ಅಲ್ಲಿ ರಕ್ಮ್ ಇದೆಯೇ ಅಂತ ಕೇಳಿ. ಪಿಲ್ಲೋದ ಫೀಚರ್ಸ್ ಮಾಡ್ಯೂಲ್ ಇದಕ್ಕೆ ಹೌದು, ಇಲ್ಲ ಅಂತ ನೇರ ಉತ್ತರ ಕೊಡುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಇದನ್ನು ಬಹಳ ಜನ ಮಾಡುವುದಿಲ್ಲ, ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಪಿಡಿಎಫ್ ಕಣ್ಣಿಗೆ ಸರಿ ಕಂಡರೆ ಸಾಲದು, ಅದರಿಂದ ಪಠ್ಯ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಬೇಕು. ಕರ್ನಾಟಕ ಅನ್ನುವುದು ಕನಾರ್ಟಕ ಅಂತ ಬಂದಿರುವುದನ್ನು ನೀವು ಖಂಡಿತ ನೋಡಿರುತ್ತೀರಿ. ಅರ್ಥ ಹೋಗಿ ಅಥರ್ ಆಗಿರುತ್ತದೆ. ಕಾರಣ ಸರಳ. ಪಿಡಿಎಫ್‌ನಲ್ಲಿ ಇರುವುದು ಅಕ್ಷರವಲ್ಲ, ಆಕಾರಗಳ ಸಾಲು. ಕ, ನಾ, ಅರ್ಕಾವತ್ತು, ಟ, ಕ. ಯಾವ ಆಕಾರಕ್ಕೆ ಯಾವ ಅಕ್ಷರ ಅನ್ನುವ ಪಟ್ಟಿಯೊಂದು ಒಳಗಿರುತ್ತದೆ. ಓದುವ ಸಾಫ್ಟ್‌ವೇರ್ ಆಕಾರಗಳನ್ನು ಕಂಡ ಕ್ರಮದಲ್ಲೇ ಅಕ್ಷರಕ್ಕೆ ತಿರುಗಿಸಿದರೆ ರ್ ಒಂದು ಅಕ್ಷರ ಹಿಂದೆ ಬೀಳುತ್ತದೆ. ಇದನ್ನು ತಪ್ಪಿಸಲು ಪಿಡಿಎಫ್ ನಿಯಮದಲ್ಲೇ ದಾರಿ ಇದೆ: ಈ ಆಕಾರಗಳ ಗುಂಪಿನ ನಿಜವಾದ ಪಠ್ಯ ಇದು ಅಂತ ಪಕ್ಕದಲ್ಲೇ ಬರೆದಿಡುವುದು. ಕ್ರೋಮಿಯಂ ಪಿಡಿಎಫ್ ಮಾಡುವಾಗ ಹಾಗೆ ಬರೆಯುತ್ತದೆ. ಎಲ್ಲ ಲೈಬ್ರರಿಗಳೂ ಬರೆಯುವುದಿಲ್ಲ. ಪಾಪ್ಲರ್ ಅನ್ನುವ ಪಿಡಿಎಫ್ ಸಾಧನಗಳ ಜೊತೆ ಬರುವ ಪಿಡಿಎಫ್‌ಟುಟೆಕ್ಸ್ಟ್ ಕಮಾಂಡ್ ಇದ್ದರೆ ಈ ಪರೀಕ್ಷೆ ಒಂದು ನಿಮಿಷದ್ದು. ಕೊಟ್ಟ ಪಠ್ಯ, ಹೊರಬಂದ ಪಠ್ಯ ಎರಡನ್ನೂ ಹೋಲಿಸಿ. ಹೋಲಿಸುವ ಮುಂಚೆ ಎರಡನ್ನೂ ಎನ್ಎಫ್‌ಸಿ ಅನ್ನುವ ಯೂನಿಕೋಡ್‌ನ ಒಂದೇ ಪ್ರಮಾಣಿತ ರೂಪಕ್ಕೆ ತನ್ನಿ, ಯಾಕೆಂದರೆ ಕೋ ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ಸಂಕೇತದಲ್ಲೂ ಬರೆಯಬಹುದು, ನಾಲ್ಕರಲ್ಲೂ ಬರೆಯಬಹುದು.

ಗೋಡೆಗೆ ನೇತುಹಾಕುವ ಪ್ರಮಾಣಪತ್ರಕ್ಕೆ ಇದು ಅಷ್ಟು ಮುಖ್ಯವಲ್ಲ, ಒಪ್ಪುತ್ತೇನೆ. ಆದೇಶ, ವರದಿ, ಪಠ್ಯಪುಸ್ತಕ, ಇವುಗಳಿಗೆ ಹಾಗಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದು ಆ ಒಳಗಿನ ಪಠ್ಯವನ್ನೇ. ಕರ್ನಾಟಕ ಅಂತ ಹುಡುಕಿದರೆ ಕರ್ನಾಟಕದ ದಾಖಲೆಯೇ ಸಿಗದಿದ್ದರೆ ಅದನ್ನು ಆನ್‌ಲೈನ್‌ಗೆ ಹಾಕಿ ಏನು ಬಂತು? ಸಾರ್ವಜನಿಕರಿಗಾಗಿ ಪಿಡಿಎಫ್ ಮಾಡುವ ತಂಡಗಳಲ್ಲಿ ಇರುವ ಗೆಳೆಯರನ್ನು ಕೈಮುಗಿದು ಕೇಳುತ್ತೇನೆ, ಈ ಒಂದು ನಿಮಿಷದ ಪರೀಕ್ಷೆಯನ್ನು ನಿಮ್ಮ ಆಟೊಮೇಟೆಡ್ ಟೆಸ್ಟ್‌ಗಳಲ್ಲಿ ಸೇರಿಸಿ.

ಪ್ರೋಗ್ರಾಮಿಂಗ್ ಬೇಡ ಅನ್ನುವವರಿಗೆ ಲಿಬ್ರೆಆಫೀಸ್‌ನ ಮೇಲ್ ಮರ್ಜ್ (ಹೆಸರುಗಳ ಪಟ್ಟಿಯನ್ನು ಒಂದೇ ವಿನ್ಯಾಸಕ್ಕೆ ತುಂಬಿಸುವ ಸೌಲಭ್ಯ) ಸಾಕು. ಇದನ್ನು ಮೊದಲೇ ಅಕ್ಕನಿಗೆ ಹೇಳಬಹುದಿತ್ತು. ಈ ಸಲ ಗಣರಾಜ್ಯೋತ್ಸವಕ್ಕೆ ಅವಳೇ ಕೂತು 62 ಪ್ರಮಾಣಪತ್ರ ಮಾಡಿದಳು. ಎಕ್ಸೆಲ್‌ನ ಹತ್ತು ಹನ್ನೆರಡು ಹೆಸರು ಹಳೆಯ ನುಡಿ ಫಾಂಟಿನಲ್ಲಿದ್ದವು, ಅವನ್ನು ಯೂನಿಕೋಡ್‌ಗೆ ತಿರುಗಿಸುವುದಕ್ಕೆ ಮಾತ್ರ ನನಗೆ ಫೋನ್ ಮಾಡಿದಳು. ಆಮೇಲೆ ಒಂದು ಫೋಟೋ ಕಳಿಸಿದ್ದಳು. ಐಶ್ವರ್ಯ ಈ ಸಲ ಪ್ರಬಂಧ ಸ್ಪರ್ಧೆಯಲ್ಲಿ ಮೊದಲನೆಯವಳು. ಫೋಟೋವನ್ನು ದೊಡ್ಡದು ಮಾಡಿ ಮೊದಲು ಅರ್ಕಾವತ್ತು ನೋಡಿದೆ. ಯ ಪಕ್ಕದಲ್ಲಿ ಸರಿಯಾಗಿ ಕೂತಿತ್ತು.